ಸಾರಂಗಕ್ಕೆ ಬಿದ್ದ ಅಕ್ಕಿಕಾಳು

ಸಿಂದಗಿಯ ಅಶ್ಫಾಕ ಇಲ್ಲದೆ ಆ ಸುತ್ತಿನಲ್ಲಿ ದೊಡ್ಡ ಮದುವೆ ಆಗುವುದು ಅಪರೂಪ. ಇಂಡಿ ಊರಿನ ಲಿಂಬೆ ವ್ಯಾಪಾರಿಗಳ ಮನೆಯದಿರಲಿ, ಮುದ್ದೇಬಿಹಾಳದ ವಕೀಲರ ಮನೆಯದಿರಲಿ, ಮಂಟಪದ ಎಡಮೂಲೆಯಲ್ಲಿ ಎರಡು ಕೀಬೋರ್ಡು ಒಂದರ ಮೇಲೊಂದು ಇಟ್ಟುಕೊಂಡು, ಬೆನ್ನ ಹಿಂದೆ 'ಭೀಮಾತೀರ ಮೆಲೋಡೀಸ್' ಎಂಬ ಬ್ಯಾನರು ಕಟ್ಟಿಸಿಕೊಂಡು ಆತ ನಿಂತಿರಲೇಬೇಕು. ಜನ ಅವನನ್ನು ನೋಡುತ್ತಿದ್ದರು, ಕೇಳುತ್ತಿರಲಿಲ್ಲ. ಮದುವೆಗೆ ಬಂದವರು ಸಂಗೀತ ಕೇಳಲು ಬಂದಿರುವುದಿಲ್ಲ. ಬೀಗರ ಮುಖ ನೋಡಲು, ಯಾರು ಯಾವ ಸೀರೆ ಉಟ್ಟಿದ್ದಾರೆ ಎಂದು ಲೆಕ್ಕ ಇಡಲು, ಒಳಗಿನಿಂದ ಬರುವ ಗೋಧಿ ಹುಗ್ಗಿಯ ವಾಸನೆ ಹಿಡಿಯಲು ಬಂದಿರುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಅಶ್ಫಾಕನೂ ತಪ್ಪೆಂದು ತಿಳಿದಿರಲಿಲ್ಲ.

ಆದರೆ ಅವನು ತನ್ನದೇ ಒಂದು ಸಂಗೀತವನ್ನು ಕಟ್ಟಿಕೊಂಡಿದ್ದ. ಮೊಬೈಲಿನಲ್ಲಿ ಒಂದು ನೋಡಲು ಹೋಗಿ ಇನ್ನೊಂದರಲ್ಲಿ ಸಿಕ್ಕಿಬೀಳುವ ಹೊತ್ತಿನಲ್ಲಿ ಅವನಿಗೆ ಐವತ್ತು ವರ್ಷದ ಹಿಂದಿನ ಇಂಗ್ಲೆಂಡಿನ ಬ್ಯಾಂಡುಗಳು ಸಿಕ್ಕಿದ್ದವು. ಪ್ರೋಗ್ರೆಸಿವ್ ರಾಕ್ ಅಂತ ಅದರ ಹೆಸರು. ಹೆಗಲ ತನಕ ಕೂದಲು ಬಿಟ್ಟ ಆಸಾಮಿಯೊಬ್ಬ ನಾಲ್ಕೈದು ಕೀಬೋರ್ಡುಗಳ ನಡುವೆ ನಿಂತು, ಅವರ ಚರ್ಚಿನ ಹಳೆಯ ಶಾಸ್ತ್ರೀಯ ಸಂಗೀತವನ್ನು ಎತ್ತಿ ತಂದು ಡ್ರಮ್ಮಿನ ಮೇಲೆ ಕೂರಿಸಿ ಕುಣಿಸುತ್ತಾನೆ. ಒಂದೊಂದು ಹಾಡು ಇಪ್ಪತ್ತು ನಿಮಿಷ. ಹಾಡುವವರು ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಮನೆಯವರಿಗೆ ಅದು ಕೇಳಿ ತಲೆನೋವು ಬಂತು. ಅಶ್ಫಾಕನಿಗೆ ಹುಚ್ಚು ಹಿಡಿಯಿತು.

ಅವನಿಗೆ ಹಿಡಿಸಿದ್ದು ಮುಖ್ಯವಾಗಿ ಒಂದು ಯುಕ್ತಿ. ಬಲಗೈ ಒಂದು ಸಾಲು ಹೇಳಿ ಮುಂದೆ ಹೋಗುತ್ತದೆ; ಸ್ವಲ್ಪ ತಡೆದು ಎಡಗೈ ಅದೇ ಸಾಲನ್ನು ಹಿಡಿದು ಬೆನ್ನು ಹತ್ತುತ್ತದೆ. ಅಣ್ಣ ತಮ್ಮ ಒಂದೇ ದಾರಿಯಲ್ಲಿ ಜಗಳಾಡುತ್ತ ನಡೆದ ಹಾಗೆ. ಇದಕ್ಕೆ ಒಗ್ಗುವ ಸಾಲು ನಮ್ಮ ರಾಗಗಳಲ್ಲಿ ಯಾವುದಿದೆ ಎಂದು ಅವನು ಬಹಳ ದಿನ ಹುಡುಕಿದ. ಸಿಕ್ಕಿದ್ದು ಗೌಡ ಸಾರಂಗ. ಅದು ಮಧ್ಯಾಹ್ನದ ರಾಗ, ನೆಟ್ಟಗೆ ನಡೆಯದ ರಾಗ; ಎರಡು ಹೆಜ್ಜೆ ಮುಂದಿಟ್ಟು ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಹಿಂದೆ ಸರಿದಾಗಲೆಲ್ಲ ಬೆನ್ನು ಹತ್ತಿದ ಎಡಗೈಗೆ ಬಲಗೈ ಸಿಕ್ಕುತ್ತದೆ. ಆ ರಾಗದಲ್ಲಿ ಅವನಿಗೆ ಬರುತ್ತಿದ್ದ ಒಂದೇ ಒಂದು ಒಳ್ಳೆಯ ಚೀಜಿನ, ಅಂದರೆ ರಾಗದಲ್ಲಿ ಕಟ್ಟಿದ ಪುಟ್ಟ ಹಾಡಿನ, ಮೇಲೆ ಅವನು ಇಡೀ ಕಟ್ಟಡ ಎಬ್ಬಿಸಿದ. ನಿಧಾನವಾದ ಆಲಾಪ, ಆಮೇಲೆ ಎರಡು ಕೈಗಳ ಬೆನ್ನಟ್ಟು, ಆಮೇಲೆ ಎಲ್ಲ ಒಮ್ಮೆಲೇ ನಿಂತು ಗಪ್ಪಾಗುವುದು, ಆಮೇಲೆ ಎಲ್ಲ ಕೂಡಿ ಸಿಡಿಯುವುದು, ಅಲ್ಲಿಂದ ತಾಳವನ್ನು ಮುರಿದು ಮುರಿದು ಆಟ ಆಡಿಸಿ ಕಡೆಗೆ ಮೊದಲ ಪೆಟ್ಟಿಗೆ ತಂದು ನಿಲ್ಲಿಸುವುದು.

ಕಟ್ಟಡ ಚೆನ್ನಾಗಿತ್ತು. ಜಾಗ ಮಾತ್ರ ಅವನದಾಗಿರಲಿಲ್ಲ.

ಆ ಚೀಜು ದೇವರ ಹಿಪ್ಪರಗಿಯ ರಾಚಪ್ಪ ಮಾಸ್ತರರದು. ಪೇಟಿ ಮಾಸ್ತರರು ಎಂದರೆ ಊರಿಗೆಲ್ಲ ಗುರುತು. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಅನ್ನುತ್ತಾರೆ. ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ ಬಾಬುಲಾಲ ತನ್ನ ಮಗ ಅಶ್ಫಾಕನನ್ನು ಚಡ್ಡಿ ಹಾಕುವ ವಯಸ್ಸಿನಲ್ಲಿ ತಂದು ಈ ಮಾಸ್ತರರ ಪಡಸಾಲೆಗೆ ಬಿಟ್ಟಿದ್ದ. ಸಿಂದಗಿಯಿಂದ ಬಸ್ಸು ಹತ್ತಿ ಬಂದು, ಬೈಗುಳ ತಿಂದು, ಸಿದ್ದವ್ವ ಕೊಟ್ಟ ರೊಟ್ಟಿ ತಿಂದು, ಮತ್ತೆ ಬಸ್ಸು ಹತ್ತಿ ಹೋಗುತ್ತ ಹುಡುಗ ದೊಡ್ಡವನಾದ. ಸಿದ್ದವ್ವ ಮಾಸ್ತರರ ಹೆಂಡತಿ. ಬೈಗುಳಕ್ಕಿಂತ ರೊಟ್ಟಿ ಯಾವಾಗಲೂ ಒಂದು ಹೆಚ್ಚೇ ಇರುವ ಹಾಗೆ ಆಕೆ ನೋಡಿಕೊಳ್ಳುತ್ತಿದ್ದರು.

ಚೀಜಿನ ಮಾತು ಎರಡೇ ಸಾಲು; ಎರಡನೆಯದಕ್ಕೆ ಅಂತರಾ ಅನ್ನುತ್ತಾರೆ. ಬಿಸಿಲಲ್ಲಿ ನಡೆದು ಬಂದವಳೊಬ್ಬಳು ಬೇವಿನ ನೆರಳಲ್ಲಿ ನಿಂತು ಯಾರದೋ ದಾರಿ ನೋಡುತ್ತಾಳೆ, ಅಷ್ಟೇ. ಮಾಸ್ತರರ ಗುರುಗಳು ಕಟ್ಟಿ, ಇವರೊಬ್ಬರಿಗೇ ಕೊಟ್ಟು ಹೋದದ್ದು. ದಿನಾ ಮಧ್ಯಾಹ್ನ ಊಟಕ್ಕೆ ಏಳುವ ಮೊದಲು ಮಾಸ್ತರರು ಅದನ್ನು ಹಾಡಬೇಕು. ಅದು ಕೇಳಿಸಿದ ಮೇಲೆಯೇ ಓಣಿಯ ಹೆಣ್ಣುಮಕ್ಕಳು ಒಲೆ ಆರಿಸುತ್ತಿದ್ದರು. ಅಶ್ಫಾಕನಿಗೆ ಅದನ್ನು ಅವರು ಕಲಿಸಿದ್ದರು, ಆದರೆ ಕೊಟ್ಟಿರಲಿಲ್ಲ. ಕಲಿಸುವುದು ಬೇರೆ, ಕೊಡುವುದು ಬೇರೆ. ಕಲಿತದ್ದನ್ನು ಗುರುವಿನ ಎದುರು ಪಡಸಾಲೆಯಲ್ಲಿ ಹಾಡಬಹುದು. ಕೊಟ್ಟದ್ದನ್ನು ಮಾತ್ರ ಸಭೆಯಲ್ಲಿ ಬಾರಿಸಬಹುದು.

ಅವನು ಮೆಲೋಡೀಸ್ ಸೇರಿದ ದಿನ ಮಾಸ್ತರರು ಸಿಟ್ಟು ಮಾಡಲಿಲ್ಲ. "ಹೊಟ್ಟಿಗೆ ಬೇಕು, ಬಾರಿಸು. ಏನರೆ ಬಾರಿಸು. ಆ ಸಾರಂಗ ಒಂದು ಬಿಟ್ಟು. ಅದು ಬೇಕಂದ್ರ ಮೊದಲ ನನ್ನ ಮುಂದ ಬಾರಿಸಬೇಕು. ಕೊಡೂವಂಗಿದ್ರ ಕೊಡ್ತೇನಿ," ಎಂದಿದ್ದರು.

ಎಷ್ಟೋ ವರ್ಷ ಅವನಿಗೆ ಧೈರ್ಯವಾಗಲಿಲ್ಲ. ಕಟ್ಟಡ ಮುಗಿದ ಮೇಲೆ ಒಂದು ದಿನ ಕೀಬೋರ್ಡು ಹೊತ್ತುಕೊಂಡು ಹೋದ. ಮೊದಲು ಮೊಬೈಲಿನಲ್ಲಿ ಕೇಳಿಸಲು ನೋಡಿದ. ಮಾಸ್ತರರು ಮೊಬೈಲನ್ನು ತೆಗೆದುಕೊಂಡು ಚಾಪೆಯ ಮೇಲೆ ಬೋರಲು ಇಟ್ಟರು. ಕೀಬೋರ್ಡಿನ ಚೀಲ ಬಿಚ್ಚತೊಡಗಿದಾಗ ಕೇಳಿದರು:

"ಇದನ್ನ ಎಲ್ಲಿ ಬಾರಿಸಾಂವ ನೀ?"

"ಸ್ಟೇಜಿನ ಮ್ಯಾಲೆ ರೀ, ಮಂದಿ ಮುಂದ. ಸರ್ಫರಾಜ ಸಂಗಾಟ ಪ್ಯಾಡ್ ಹೊಡೀತಾನ್ರಿ."

"ಹಂಗಂದ್ರ ನಾನೂ ಮಂದ್ಯಾಗ ಕುಂತು ಕೇಳ್ತೇನಿ. ಮಂದಿಗೊಂದು, ನನಗೊಂದು ಬಾರಿಸಬ್ಯಾಡ. ಚೀಲ ಕಟ್ಟು."

ಅವನು ಚೀಲ ಕಟ್ಟಿದ. ಸಿದ್ದವ್ವ ರೊಟ್ಟಿ ಕೊಟ್ಟರು.

ಅಷ್ಟರಲ್ಲಿ ಹುಬ್ಬಳ್ಳಿಯಿಂದ ಕರೆ ಬಂತು. ಅಲ್ಲಿ ವರ್ಷಕ್ಕೊಮ್ಮೆ ಬ್ಯಾಂಡಿನವರನ್ನೆಲ್ಲ ಕೂಡಿಸಿ ದೊಡ್ಡ ಕಾರ್ಯಕ್ರಮ ಮಾಡುವ ಒಬ್ಬಾತ ಅಭ್ಯಾಸದ ಹೊತ್ತಿನಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದ ಇವನ ಆಲಾಪದ ತುಣುಕನ್ನು ಎಲ್ಲೋ ಕೇಳಿ, ಪೂರ್ತಿ ಬಾರಿಸುತ್ತೀರಾ ಎಂದ. ಬೀಗರ ಮುಖ ನೋಡಲು ಬಂದವರಲ್ಲ, ಕೇಳಲೆಂದೇ ಬಂದ ಜನ. ಅಶ್ಫಾಕ ಒಂದು ಕ್ಷಣವೂ ಯೋಚಿಸದೆ ಹೂಂ ಅನ್ನಬೇಕಿತ್ತು. "ಅರ್ಧ ನಂದಲ್ರಿ ಅದು. ಕೇಳಿ ಹೇಳ್ತೇನಿ," ಎಂದ.

ಮೆಲೋಡೀಸಿನಲ್ಲಿ ಡ್ರಮ್ಮಿನ ಬದಲು ಎಲೆಕ್ಟ್ರಾನಿಕ್ ಪ್ಯಾಡ್ ಬಾರಿಸುವ ಸರ್ಫರಾಜನಿಗೆ ಮೈ ಉರಿಯಿತು. "ಹುಬ್ಬಳ್ಳ್ಯಾಗ ಬಾರಿಸಿದ್ದು ಹಿಪ್ಪರಗ್ಯಾಗ ಯಾರಿಗ್ ಗೊತ್ತಾಗತೈತಿ ಲೇ?"

"ನನಗ ಗೊತ್ತಾಗತೈತಲ್ಲ," ಎಂದ ಅಶ್ಫಾಕ. ಅಲ್ಲಿಗೆ ಆ ಮಾತು ಮುಗಿಯಿತು. ಹೀಗೆ, ಅವನ ಜೀವಮಾನದ ಕೆಲಸವೆಲ್ಲ ಒಬ್ಬ ಮುದುಕರ ಒಂದು ಮಾತಿಗೆ ಬಂದು ನಿಂತಿತು. ಆ ಮುದುಕರೋ, ಮಂದಿಯ ನಡುವೆ ಕೂತಲ್ಲದೆ ಕೇಳುವವರಲ್ಲ, ಮನೆ ಬಿಟ್ಟು ಮಂದಿಯ ನಡುವೆ ಹೋಗುವವರೂ ಅಲ್ಲ.

ದಾರಿ ತೋರಿಸಿದವಳು ದಾನೇಶ್ವರಿ. ಮಾಸ್ತರರ ಮಗನ ಮಗಳು. ಅಶ್ಫಾಕ ಪಾಠಕ್ಕೆ ಬರುತ್ತಿದ್ದಾಗ ಪೇಟಿಯ ತಿದಿಗೆ ಬೆರಳು ಸಿಕ್ಕಿಸಿಕೊಂಡು ಅಳುತ್ತಿದ್ದ ಕೂಸು, ಈಗ ಬಿ.ಎಡ್. ಮುಗಿಸಿದ್ದಳು, ಮುದ್ದೇಬಿಹಾಳದ ಚೇತನಕುಮಾರ ಎಂಬ ವರನೊಂದಿಗೆ ಮದುವೆ ಗೊತ್ತಾಗಿತ್ತು. ಎರಡೂ ಕಡೆಯವರಿಗೆ ಅನುಕೂಲವೆಂದು ಬಸವನ ಬಾಗೇವಾಡಿಯಲ್ಲಿ ಮಂಗಲ ಕಾರ್ಯಾಲಯ ಹಿಡಿದಿದ್ದರು. ಅವಳೇ ಫೋನು ಮಾಡಿದಳು.

"ಅಣ್ಣಾ, ನನ್ನ ಮದಿವ್ಯಾಗ ಬಾರಿಸಿಬಿಡು. ಮಂದಿ ಇರ್ತಾರ, ಸ್ಟೇಜ್ ಇರತೈತಿ, ಮುತ್ಯಾ ಮುಂದಿನ ಸಾಲಿನ್ಯಾಗ ಕುಂತಿರ್ತಾನ. ಮೊಮ್ಮಗಳ ಮದಿವಿ, ಎದ್ದು ಹೋಗಾಕ ಬರೂದಿಲ್ಲ."

"ಮಾಸ್ತರ್ ಏನಂತಾರ?"

"ಕೇಳೇನಿ. 'ಕಿವಿ ಅದಾವು, ಕುಂತಿರ್ತೇನಿ' ಅಂದಾನ."

ಮುಹೂರ್ತ ಹನ್ನೆರಡೂವರೆಯ ಮೇಲಿತ್ತು. ಮದುಮಗನನ್ನು ಹನುಮಪ್ಪನ ಗುಡಿಯಿಂದ ಮೆರವಣಿಗೆಯಲ್ಲಿ ಕರೆತರುವ ಹೊತ್ತಿನಲ್ಲಿ ಒಳಗೆ ಜನ ಸುಮ್ಮನೆ ಕೂತಿರುತ್ತಾರೆ. ಆಗ ಅಶ್ಫಾಕ ಬಾರಿಸುವುದು ಎಂದು ಗೊತ್ತಾಯಿತು. ಮಧ್ಯಾಹ್ನದ ರಾಗಕ್ಕೆ ಮಧ್ಯಾಹ್ನದ ಹೊತ್ತೇ ಸಿಕ್ಕಿತು ಎಂದು ಅವನಿಗೆ ಸಮಾಧಾನವೂ ಆಯಿತು. ಎಲ್ಲ ಸರಿಯಾಗಿಯೇ ಇತ್ತು, ದಾನೇಶ್ವರಿಯ ಸೋದರಮಾವ ರೇವಪ್ಪ ಒಬ್ಬನನ್ನು ಬಿಟ್ಟು. ರೇವಪ್ಪನಿಗೆ ಯಾವ ಕೆಲಸವನ್ನೂ ಅದರ ಹೊತ್ತಿಗೆ ಮಾಡುವುದೆಂದರೆ ತಡ ಮಾಡಿದಂತೆ. ಜನ ಕುರ್ಚಿಯಲ್ಲಿ ಕೂತರೋ ಇಲ್ಲವೋ, ಹಳದಿ ಅಕ್ಕಿಕಾಳಿನ, ಅಂದರೆ ಅಕ್ಷತೆಯ, ತಾಟುಗಳನ್ನು ಹೊರಡಿಸಿಬಿಟ್ಟ. "ಆಮ್ಯಾಲೆ ಗದ್ದಲದಾಗ ಹಂಚಾಕ ಆಗೂದಿಲ್ಲ, ಈಗ ಕೊಟ್ಟಬಿಡ್ರಿ," ಎಂದು ಮನೆಯ ಹೆಣ್ಣುಮಕ್ಕಳನ್ನು ಅಟ್ಟಿದ. ಬಂದವರೆಲ್ಲ ಒಂದೊಂದು ಮುಷ್ಟಿ ಹಿಡಿದು ಕೂತರು. ಮುಂದಿನ ಸಾಲಿನಲ್ಲಿ, ಹೊಸ ರುಮಾಲು ಸುತ್ತಿಕೊಂಡು, ರಾಚಪ್ಪ ಮಾಸ್ತರರೂ ಒಂದು ಮುಷ್ಟಿ ಹಿಡಿದರು.

ಅಶ್ಫಾಕ ಇದನ್ನು ನೋಡಿದ. ನೋಡಿಯೂ ಅವನಿಗೆ ಏನೂ ಹೊಳೆಯಲಿಲ್ಲ ಎಂದರೆ ನಂಬುವುದು ಕಷ್ಟ. ಲೆಕ್ಕವಿಲ್ಲದಷ್ಟು ಮದುವೆಗೆ ಬಾರಿಸಿದವನು. ಆದರೆ ಅವತ್ತು ಅವನು ಮದುವೆಗೆ ಬಾರಿಸುತ್ತಿರಲಿಲ್ಲ.

ಶುರು ಮಾಡಿದ. ಕೆಳಗಿನ ಕೀಬೋರ್ಡಿನಲ್ಲಿ ಚರ್ಚಿನ ಆರ್ಗನ್ನಿನ ದನಿ, ಮೇಲಿನದರಲ್ಲಿ ಪೇಟಿಗೆ ಹತ್ತಿರವಾದ ದನಿ. ಆಲಾಪ ನಡೆದಷ್ಟು ಹೊತ್ತು ಜನ ಮಾತಾಡುತ್ತಲೇ ಇದ್ದರು. ಯಾರೋ ಮೈಕು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡವರೂ ಇದ್ದರು. ಅಶ್ಫಾಕ ತಲೆ ಎತ್ತಿ ಮಾಸ್ತರರ ಮುಖ ನೋಡಲಿಲ್ಲ. ಚೀಜಿನ ಮೊದಲ ಸಾಲು ಬಂತು. ಬಲಗೈ ಹೇಳಿತು, ಎಡಗೈ ಬೆನ್ನು ಹತ್ತಿತು. ಸರ್ಫರಾಜನ ಪ್ಯಾಡು ಕೆಳಗಿನಿಂದ ಸಣ್ಣಗೆ ಕೂಡಿಕೊಂಡಿತು. ಬೇವಿನ ನೆರಳಿನ ಹೆಣ್ಣು ಈಗ ಇಬ್ಬರಾಗಿ, ಮೂವರಾಗಿ, ಒಬ್ಬರ ಹಿಂದೊಬ್ಬರು ನಡೆದಂತೆ ಆಯಿತು. ಮುಂದಿನ ಎರಡು ಸಾಲಿನಲ್ಲಿ ಮಾತು ನಿಂತಿತು. ಅಲ್ಲಿಂದ ಹಿಂದಕ್ಕೂ ಒಂದಿಷ್ಟು ನಿಂತಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಮದುವೆಯ ಮಂದಿ ತನ್ನನ್ನು ಕೇಳುತ್ತಿದ್ದಾರೆ ಎಂದು ಅವನಿಗೆ ತಲೆ ಎತ್ತದೆಯೇ ಗೊತ್ತಾಯಿತು, ಸಂತೋಷವಾಯಿತು.

ಆಮೇಲೆ, ಕಟ್ಟಿದ್ದ ಹಾಗೆ, ಎಲ್ಲ ನಿಂತಿತು. ಗಪ್ಪು.

ಮದುವೆಗೆ ಹೋದವರಿಗೆಲ್ಲ ಗೊತ್ತಿರುವ ಸಂಗತಿ ಒಂದಿದೆ. ಅಕ್ಕಿಕಾಳು ಬೀಳುವ ಹೊತ್ತನ್ನು ಹಿಂದಿನ ಸಾಲಿನವರು ಕಣ್ಣಿನಿಂದ ತಿಳಿಯುವುದಿಲ್ಲ. ಎದುರಿಗೆ ಫೋಟೋದವರು, ವಿಡಿಯೋದವರು, ಮೊಬೈಲು ಎತ್ತಿ ಹಿಡಿದವರು, ಕುರ್ಚಿ ಹತ್ತಿ ನಿಂತವರು. ಅಯ್ಯನವರ ಮಂತ್ರ ಅಲ್ಲಿಯ ತನಕ ಮುಟ್ಟುವುದಿಲ್ಲ. ಅವರಿಗೆ ಬೇಕಾಗಿರುವುದೂ ಇಷ್ಟೇ: ವಾದ್ಯ ಒಮ್ಮೆ ನಿಲ್ಲುತ್ತದೆ, ಆಮೇಲೆ ಎಲ್ಲ ಕೂಡಿ ಒಮ್ಮೆಲೇ ಜೋರಾಗಿ ಹೊಡೆಯುತ್ತವೆ. ಹೊಡೆದ ಕೂಡಲೇ ಕೈ ಏಳಬೇಕು. ಎದ್ದ ಕೈ ಇಳಿಯುವುದರೊಳಗೆ ಕಾಲು ಊಟದ ಹಾಲಿನ ಕಡೆ ತಿರುಗಿರಬೇಕು. ಮೊದಲ ಪಂಕ್ತಿ ತಪ್ಪಿದರೆ ಹುಗ್ಗಿ ಮುಗಿದು ಬರೇ ಅನ್ನ ಸಾರು ಉಳಿಯುತ್ತದೆ.

ಅಶ್ಫಾಕ ಎರಡೂ ಕೈ ಎತ್ತಿ ಇಳಿಸಿದ. ಆರ್ಗನ್ನು, ಪ್ಯಾಡು, ತಾಳ ಎಲ್ಲ ಕೂಡಿ ಸಿಡಿದವು. ಹಿಂದಿನ ಸಾಲುಗಳಿಂದ ಹಳದಿ ಅಕ್ಕಿ ಮೇಲೆದ್ದಿತು.

ಮುಂದಿನವರಿಗೆ ವೇದಿಕೆಯ ಮೇಲಿನ ಎರಡು ಖಾಲಿ ಕುರ್ಚಿಗಳು ಕಾಣುತ್ತಲೇ ಇದ್ದವು. ಆದರೂ ತಲೆಯ ಮೇಲೆ ಅಕ್ಕಿ ಬೀಳತೊಡಗಿದ ಮೇಲೆ ಕೈಯಲ್ಲಿ ಅಕ್ಕಿ ಹಿಡಿದವನು ಏನು ಮಾಡಬೇಕು? ಅವರೂ ಹಾಕಿದರು. ಅಯ್ಯನವರು ಕೂಡ ಪಂಚಾಂಗದಿಂದ ತಲೆ ಎತ್ತಿ, ಗಾಬರಿಯಲ್ಲಿ ಒಂದು ಚಿಟಿಕೆ ಹಾಕಿದರಂತೆ. ಆಮೇಲೆ ಅವರು ಅದನ್ನು ಒಪ್ಪಲಿಲ್ಲ. ಮದುಮಗಳು ಒಳಗಿನ ಕೋಣೆಯಲ್ಲಿ ಹೂದಂಡೆ ಕಟ್ಟಿಸಿಕೊಳ್ಳುತ್ತಿದ್ದಳು. ಮದುಮಗ ಬಾಗಿಲ ಹೊರಗೆ ಬಾಸಿಂಗ ಸರಿ ಮಾಡಿಸಿಕೊಳ್ಳುತ್ತಿದ್ದ. ಅವನ ಮದುವೆಯ ಅಕ್ಕಿಕಾಳು ಹಾಕಿ ಬಂದ ಮಂದಿ ಅವನನ್ನೇ ದಾಟಿಕೊಂಡು, ಒಬ್ಬಿಬ್ಬರು "ಕಂಗ್ರಾಜುಲೇಶನ್ ರೀ" ಎಂದು ಕೈಕುಲುಕಿ, ಊಟಕ್ಕೆ ನಡೆದರು.

ಸರ್ಫರಾಜನ ಕೈಯೂ ಹಾಗೆಯೇ ಮಾಡಿತು. ಅಕ್ಕಿ ಬಿತ್ತೆಂದರೆ ಸಿನಿಮಾ ಹಾಡಿನ ತಾಳ ಹಿಡಿಯುವುದು ಅದರ ರೂಢಿ. ಹಿಡಿದು ನಾಲ್ಕು ಪೆಟ್ಟು ಹೊಡೆದು, ಅಶ್ಫಾಕನ ಮುಖ ನೋಡಿ, ತಪ್ಪು ತಿಳಿದು, ಪೂರ್ತಿ ನಿಂತುಬಿಟ್ಟಿತು. ರೇವಪ್ಪ ವೇದಿಕೆಯ ಕಡೆ ಓಡಿ ಬಂದ.

"ಏ ಬಂದ್ ಮಾಡ್ರಿ, ಬಂದ್ ಮಾಡ್ರಿ! ಮದಿಮಗ ಇನ್ನಾ ಹೊರಗದಾನ! ಯಾರ್ ನಿಮಗ ಹೊಡೀರಿ ಅಂದವ್ರು?"

ಅಶ್ಫಾಕನಿಗೆ ಆಗ ಎಲ್ಲ ಹೊಳೆಯಿತು. ಒಂದೇ ಸಲ ಸಿಗುವ ಹೊತ್ತು, ಅದನ್ನು ತಾನೇ ಹಾಳುಮಾಡಿಕೊಂಡಿದ್ದ. ಬೆರಳುಗಳು ಮಾತ್ರ ಇನ್ನೂ ಕೆಳಗಿನ ಸ್ವರದ ಮೇಲೆ ಇದ್ದವು. ಎತ್ತಿಬಿಡಬೇಕು ಅನ್ನುವಷ್ಟರಲ್ಲಿ, ಕಣ್ಣು ತಪ್ಪಿ ಮುಂದಿನ ಸಾಲಿಗೆ ಹೋಯಿತು.

ಆ ಸಾಲಿನಲ್ಲಿ ಒಬ್ಬರೇ ಕೂತಿದ್ದರು. ರುಮಾಲಿನ ಮೇಲೆ, ಹೆಗಲ ಮೇಲೆ ಪರರು ಎಸೆದ ಅಕ್ಕಿ. ಬಲಗೈ ಮುಷ್ಟಿ ಕಟ್ಟಿಯೇ ಇತ್ತು. ಆ ಮುಷ್ಟಿ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಹತ್ತು ಮಾತ್ರೆಯ ಝಪತಾಳ. ನಡುವೆ ಖಾಲಿ, ಅಂದರೆ ಪೆಟ್ಟಿಲ್ಲದ ಜಾಗ, ಬಂದಾಗ ಅಂಗೈ ಬಿಚ್ಚಿ ತೋರಿಸುವುದು ಪದ್ಧತಿ. ಮಾಸ್ತರರು ಬಿಚ್ಚಲಿಲ್ಲ, ಅಕ್ಕಿ ಚೆಲ್ಲೀತೆಂದು ಮುಷ್ಟಿಯನ್ನು ಸುಮ್ಮನೆ ಪಕ್ಕಕ್ಕೆ ಸರಿಸಿ ಮತ್ತೆ ತೊಡೆಗೆ ತಂದರು. ಪ್ಯಾಡು ನಿಂತಿದ್ದರೂ, ರೇವಪ್ಪ ಕೂಗುತ್ತಿದ್ದರೂ ಅವರ ತಾಳ ನಿಂತಿರಲಿಲ್ಲ.

ಅಶ್ಫಾಕ ಮುಂದೆ ಬಾರಿಸಿದ. ಪ್ಯಾಡಿಲ್ಲದೆ, ಆ ಮುಷ್ಟಿಯನ್ನೇ ನೋಡುತ್ತ ಬಾರಿಸಿದ. ತಾಳ ಮುರಿದು ಆಡಿಸುವ ಕಷ್ಟದ ಜಾಗ ಅದೇ. ಏಳಕ್ಕೊಮ್ಮೆ ಬಾಗಿ, ಐದಕ್ಕೊಮ್ಮೆ ಎಡವಿ, ಕೇಳುವವನಿಗೆ ದಾರಿ ತಪ್ಪಿತು ಅನ್ನಿಸಬೇಕು. ಮುಷ್ಟಿಗೆ ದಾರಿ ತಪ್ಪಲಿಲ್ಲ. ರೇವಪ್ಪ ವಾಯರು ಕೀಳಲು ಬಗ್ಗಿದ.

"ರೇವಪ್ಪ," ಎಂದರು ಮಾಸ್ತರರು, ತಲೆ ತಿರುಗಿಸದೆ. "ಕೂಡು."

ರೇವಪ್ಪ ಕೂತ. ಅವನು ಕೂತದ್ದನ್ನು ಆ ಮನೆತನದವರು ಅದಕ್ಕೆ ಮೊದಲು ನೋಡಿರಲಿಲ್ಲ.

ಕಡೆಗೆ ಎರಡು ಕೈಗಳೂ ಒಂದೇ ಸಾಲಿಗೆ ಬಂದವು. ಬೇವಿನ ನೆರಳಿಗೆ ಎಲ್ಲರೂ ಬಂದು ನಿಂತ ಹಾಗೆ. ಮೂರು ಸಲ ಅದೇ ತುಣುಕು, ಮೂರನೆಯದರ ತುದಿಗೆ ತಾಳದ ಮೊದಲ ಪೆಟ್ಟು; ಸಂಗೀತದವರು ಸಮ್ ಅನ್ನುವುದು ಅದಕ್ಕೆ. ಆ ಪೆಟ್ಟಿಗೆ, ಕೂದಲೆಳೆಯಷ್ಟೂ ಹಿಂದಲ್ಲ ಮುಂದಲ್ಲ, ಮಾಸ್ತರರ ಕೈ ಎದ್ದು ಬಿಚ್ಚಿತು. ಹಳದಿ ಅಕ್ಕಿ ಬಂದು ಎರಡೂ ಕೀಬೋರ್ಡಿನ ಮೇಲೆ, ಅಶ್ಫಾಕನ ಬೆರಳುಗಳ ಮೇಲೆ ಬಿತ್ತು.

ಅವನು ಇಳಿದು ಹೋಗಿ ಕಾಲು ಮುಟ್ಟಿದ. ಅಳು ಬರುತ್ತಿತ್ತು, ಅತ್ತ. "ಕೊಟ್ರೇನ್ರಿ ಮಾಸ್ತರ?" ಎಂದು ಕೇಳಿದ.

"ಅಕ್ಕಿಕಾಳ ಹಾಕೇನಲ್ಲೋ. ಇನ್ನೇನು ಬರದು ಕೊಡ್ಲ್ಯಾ?" ಎಂದರು. ಆಮೇಲೆ, "ಎಡಗೈ ಅಂತರಾದಾಗ ಜಗ್ಗತೈತಿ. ನೋಡ್ಕೋ," ಎಂದು ಎದ್ದು ಮೊಮ್ಮಗಳ ಕಡೆ ನಡೆದರು.

ಮದುವೆಯೂ ಆಯಿತು. ಅಡಿಗೆಯ ಕೋಣೆಯಿಂದ ಅಕ್ಕಿ ತಂದು, ಅವಸರದಲ್ಲಿ ಅರಿಷಿಣ ಕಲಸಿ ಮತ್ತೆ ಹಂಚಿದರು. ಊಟಕ್ಕೆ ಕೂತವರು ಎಂಜಲು ಕೈ ತೊಳೆದು ಬರುವಷ್ಟರಲ್ಲಿ ತಾಳಿ ಕಟ್ಟಿಯಾಗಿತ್ತು. ಮನೆಯ ಮಂದಿ, ಹತ್ತಿರದ ಬೀಗರು ಅಷ್ಟೇ ಉಳಿದಿದ್ದರು. ಎಲ್ಲರಿಗೂ ಮದುಮಕ್ಕಳು ಸರಿಯಾಗಿ ಕಂಡ ಮದುವೆ ಅದೊಂದೇ ಎಂದು ಚೇತನಕುಮಾರ ಈಗಲೂ ಮುದ್ದೇಬಿಹಾಳದಲ್ಲಿ ಹೇಳಿ ನಗುತ್ತಾನಂತೆ. ರೇವಪ್ಪ ಮಾತ್ರ ನಗಲಿಲ್ಲ. ಎರಡೆರಡು ಸಲ ಅಕ್ಕಿಕಾಳು ಬಿದ್ದರೆ ದೋಷವೇನಾದರೂ ಇದೆಯೇ ಎಂದು ಅಯ್ಯನವರನ್ನು ಮೂಲೆಗೆ ಕರೆದು ಕೇಳಿದ. ಮೊದಲನೆಯದು ಮದುಮಕ್ಕಳಿಗೆ ಬಿದ್ದದ್ದಲ್ಲ, ಅದರ ವಿಚಾರ ಬಿಡು ಎಂದರು ಅವರು.

ಅಶ್ಫಾಕ ಹುಬ್ಬಳ್ಳಿಗೆ ಹೋಗಿ ಬಾರಿಸಿದ. ಅಲ್ಲಿ ಗಪ್ಪಿಗೆ ಜನ ಗಪ್ಪಾಗಿಯೇ ಇದ್ದರು, ಸಿಡಿತಕ್ಕೆ ಕೂಗಿದರು, ಮುಗಿದ ಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸರ್ಫರಾಜ ಅಷ್ಟು ಜನರೊಂದಿಗೆ ಸೆಲ್ಫಿ ತೆಗೆಸಿಕೊಂಡದ್ದು ಅವತ್ತೇ. ಧಾರವಾಡದಿಂದ, ಬೆಳಗಾವಿಯಿಂದ ಕರೆಗಳು ಬಂದವು. ಅಶ್ಫಾಕ ಒಂದು ಡಬ್ಬಿ ಪೇಡೆ ಹಿಡಿದುಕೊಂಡು ದೇವರ ಹಿಪ್ಪರಗಿಗೆ ಬಸ್ಸು ಹತ್ತಿದ. ಬೇಕೆಂದೇ ಮಧ್ಯಾಹ್ನದ ಹೊತ್ತಿಗೆ ಮುಟ್ಟುವಂತೆ ಹೋದ. ಮಾಸ್ತರರ ಬಾಯಲ್ಲಿ ಆ ಚೀಜು ಕೇಳಿ, ಸಿದ್ದವ್ವನ ರೊಟ್ಟಿ ತಿಂದು ಬರಬೇಕೆಂದು ಅವನಿಗೆ ಬಹಳ ಆಸೆಯಾಗಿತ್ತು.

ಮಾಸ್ತರರು ಪಡಸಾಲೆಯಲ್ಲಿ ಪೇಟಿಯ ಮುಂದೆಯೇ ಕೂತಿದ್ದರು. ಅವನನ್ನು ಕಂಡು ಎದ್ದು ನಿಂತರು.

"ಬರ್ರಿ, ಬರ್ರಿ. ಕೂಡ್ರಿ. ಏ, ಇವ್ರಿಗೆ ನೀರು ತಗೊಂಬಾ."

ಅವನು ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಲೇ ಅಶ್ಫಾಕ್ಯಾ ಎಂದಲ್ಲದೆ ಇನ್ನೊಂದು ಮಾತಿನಿಂದ ಮಾಸ್ತರರು ಅವನನ್ನು ಕರೆದವರೇ ಅಲ್ಲ. ಚೇಷ್ಟೆ ಮಾಡುತ್ತಿದ್ದಾರೆ ಎಂದು ನಕ್ಕ. ಅವರು ನಗಲಿಲ್ಲ. ಹುಬ್ಬಳ್ಳಿಯ ಸುದ್ದಿ ಎಲ್ಲ ಕೇಳಿದರು, ಪೇಡೆ ಬಾಯಿಗೆ ಹಾಕಿಕೊಂಡರು, ಬಾಬುಲಾಲರ ಆರೋಗ್ಯ ವಿಚಾರಿಸಿದರು. ಬೀಗರೊಂದಿಗೆ ಮಾತಾಡುವ ಹಾಗೆ ಎಲ್ಲದಕ್ಕೂ ರೀ ಹಚ್ಚಿಯೇ ಮಾತಾಡಿದರು. ಹೊತ್ತು ನೆತ್ತಿಗೆ ಬಂದಾಗ ಪೇಟಿ ತೆಗೆದರು. ಅಶ್ಫಾಕ ನೆಟ್ಟಗೆ ಕೂತ. ಅವರು ಬೇರೊಂದು ರಾಗದ ಬೇರೊಂದು ಚೀಜು ಹಾಡಿದರು, ಚೆನ್ನಾಗಿಯೇ ಹಾಡಿದರು, ಮುಗಿಸಿ ಪೇಟಿ ಮುಚ್ಚಹೋದರು.

"ಮಾಸ್ತರ, ಸಾರಂಗ?"

"ಅದೀಗ ನಿಮ್ಮ ಮನೀದು ಆತಲ್ರಿ," ಎಂದರು. "ಅಕ್ಕಿಕಾಳ ಹಾಕಿ ಕಳಿಸೇನಿ. ಕಳಿಸಿ ಮತ್ತ ಮನ್ಯಾಗ ಇಟ್ಕೊಳ್ಳಾಕ ಬರತೈತೇನು?"

ಅಶ್ಫಾಕ ಸಿದ್ದವ್ವನ ಕಡೆ ನೋಡಿದ. ಬಾಗಿಲಿಗೆ ಒರಗಿ ನಿಂತಿದ್ದ ಆಕೆ ಸಣ್ಣ ದನಿಯಲ್ಲಿ ಹೇಳಿದರು: "ಬಾಗೇವಾಡಿಯಿಂದ ಬಂದಾಗಿನಿಂದ ಬಾಯಾಗ ತಂದಿಲ್ಲಪ. ಓಣ್ಯಾಗಿನವರು ಕೇಳ್ತಾರ, ಮಾಸ್ತರಿಗೆ ಆರಾಮ ಇಲ್ಲೇನಂತ. ನಾ ಏನು ಹೇಳ್ಲಿ? ಹಿಂದ ನಮ್ಮ ಮಗಳನ್ನ ಕೊಟ್ಟ ಮ್ಯಾಲೆ ಅಕಿ ಮನ್ಯಾಗ ಒಂದು ಗುಟುಕು ನೀರು ಸುದ್ದಾ ಕುಡದವರಲ್ಲ ಇವ್ರು, ಇದೂ ಹಂಗ ಅಂತಾರ."

ಅವನಿಗೆ ಮೊದಲು ತಿಳಿಯಲಿಲ್ಲ, ಆಮೇಲೆ ತಿಳಿಯಿತು. ಕೇಳಿದ್ದು ಸಿಕ್ಕಿತ್ತು. ಕೇಳುವಾಗ, ಅದು ಇವರ ಹತ್ತಿರವೂ ಉಳಿಯುತ್ತದೆ, ತನ್ನ ಹತ್ತಿರವೂ ಬರುತ್ತದೆ ಎಂದು ಅವನು ತಿಳಿದಿದ್ದ. ಇಷ್ಟು ವರ್ಷ ದಿನಾ ಹಾಡಿದ್ದನ್ನು ಒಬ್ಬ ಮನುಷ್ಯ ಹೀಗೆ ಪೂರ್ತಿ ಕೊಟ್ಟುಬಿಡುತ್ತಾನೆ ಎಂದು ಯಾರಿಗೆ ಗೊತ್ತು?

"ವಾಪಸ್ ತಗೋರಿ ಮಾಸ್ತರ. ನಾ ಬಾರಿಸೂದಿಲ್ಲ, ಎಲ್ಲೂ ಹೋಗೂದಿಲ್ಲ," ಎಂದ.

"ಹುಚ್ಚಪ್ಪ, ಅದು ಚಲೋ ಮನಿ ಸೇರೇತಿ ಅಂತ ಕೊಟ್ಟೇನಿ," ಎಂದರು. ಅಷ್ಟೇ ಒಂದು ಮಾತಿಗೆ ಹಳೆಯ ದನಿ ಬಂದು ಹೋಯಿತು. "ಬಾಯಿ ತಪ್ಪಿತ್ರಿ. ಊಟಕ್ಕ ಏಳ್ರಿ."

ಅಶ್ಫಾಕ ಏಳಲಿಲ್ಲ. ಮಾಸ್ತರರ ಪೇಟಿಯನ್ನು ತನ್ನ ಕಡೆ ಎಳೆದುಕೊಂಡು, ತಿದಿ ಒತ್ತಿ, ಚೀಜು ಹಿಡಿದ. ಅವನ ಕಂಠ ಅಷ್ಟಕ್ಕಷ್ಟೇ. ಅದೇ ಅವನ ಉಪಾಯವೂ ಆಗಿತ್ತು. ಅಂತರಾದ ಆ ಒಂದು ತಿರುವಿನಲ್ಲಿ ತಾನು ಎಡವಿದರೆ ಮಾಸ್ತರರು ತಡೆಯಲಾರದೆ ಬಾಯಿ ಹಾಕುತ್ತಾರೆ, ಎಂದೂ ಹಾಕದೆ ಬಿಟ್ಟವರಲ್ಲ. ಮೊದಲ ಸಾಲು ಮುಗಿಸಿದ. ಎರಡನೆಯ ಸಾಲಿಗೆ ಏರಿದ, ತಿರುವಿಗೆ ಬಂದ, ಬೇಕೆಂದೇ ಎಡವಿ ತಲೆ ಎತ್ತಿದ.

ಮಾಸ್ತರರು ಹೊಸ್ತಿಲ ಆಚೆ ನಿಂತು ಚಪ್ಪಲಿ ಮೆಟ್ಟುತ್ತಿದ್ದರು. ಮೆಟ್ಟಿ, ರುಮಾಲು ಸರಿ ಮಾಡಿಕೊಂಡು, ಓಣಿಗೆ ಇಳಿದು ಹೊರಟೇಹೋದರು. ಹೊರಗೆ ಬಿಸಿಲು ಸುಡುತ್ತಿತ್ತು, ಆ ಹೊತ್ತಿನಲ್ಲಿ ಅವರಿಗೆ ಎಲ್ಲಿಯೂ ಯಾವ ಕೆಲಸವೂ ಇರಲಿಲ್ಲ.